ಸ್ತನಾರ್ಬುದದಲ್ಲಿ ಆಂಶಿಕ ವಿಕಿರಣ ಚಿಕಿತ್ಸೆ

ರೋಗವು ಎಷ್ಟು ಘೋರವೋ ಅದಕ್ಕೆ ಮಾಡುವ ಚಿಕಿತ್ಸೆಯೂ ಅಷ್ಟೇ ಉಗ್ರವಾಗಿರಬೇಕೆಂಬ ನಂಬಿಕೆ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ವೈದ್ಯರೂ ಈ ನಂಬಿಕೆಗೆ ಹೊರತಾಗಿರಲಿಲ್ಲ. ಸ್ತ್ರೀಯರ ಸ್ತನದಲ್ಲಿ ಹುಟ್ಟುವ ಅರ್ಬುದದ ಚಿಕಿತ್ಸೆಯ ಚರಿತ್ರೆಯನ್ನು ನೋಡಿದರೆ, ಸುಮಾರು ಎಂಬತ್ತು ವರ್ಷಗಳ ಕಾಲ ಈ ನಂಬಿಕೆಯೇ ಆಳಿತೆಂದೂ, ಆಮೇಲಿನ ಐವತ್ತು ವರ್ಷಗಳು ಅದನ್ನು ಒಂದೊಂದೇ ಹೆಜ್ಜೆಯಾಗಿ ಸಡಿಲಿಸುವುದರಲ್ಲಿ ಕಳೆದುವೆಂದೂ ಹೇಳಬಹುದು. ಆ ಸಡಿಲಿಕೆಯ ಈಚಿನ ಹೆಜ್ಜೆಗಳಲ್ಲಿ ಒಂದು ಆಂಶಿಕ ವಿಕಿರಣ ಚಿಕಿತ್ಸೆ. ಎಂದರೆ, ಗಡ್ಡೆಯನ್ನು ಶಸ್ತ್ರದಿಂದ ತೆಗೆದ ಮೇಲೆ ಇಡೀ ಸ್ತನಕ್ಕೆ ಕಿರಣ ಹಾಯಿಸದೆ, ಗಡ್ಡೆಯಿದ್ದ ಜಾಗಕ್ಕೂ ಅದರ ಸುತ್ತಣ ಅಂಚಿಗೂ ಮಾತ್ರ ಹಾಯಿಸುವುದು.

ಈ ಲೇಖನವನ್ನು ಬರೆದವನು ವೈದ್ಯನಲ್ಲ. ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಹಗಲನ್ನು ಕಳೆದು ಬಿಡುವಿನಲ್ಲಿ ಶಾಸ್ತ್ರವಿಷಯಗಳನ್ನು ಓದಿಕೊಳ್ಳುವವನು. ಆದರೂ ಈ ವಿಚಾರವನ್ನು ವೈದ್ಯರಿಗೇ ಬಿಟ್ಟು ನಾವು ಸುಮ್ಮನಿರುವಂತಿಲ್ಲ. ದೆಹಲಿ, ನೋಯ್ಡಾ, ಗುರುಗ್ರಾಮ, ಫರೀದಾಬಾದುಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಊರಿನಿಂದ ಬಂದು ಮಕ್ಕಳೊಡನೆ ಇರುವ ತಾಯಂದಿರೂ ಅತ್ತೆಯರೂ ಇದ್ದಾರೆ. ಅವರಲ್ಲೊಬ್ಬರಿಗೆ ಈ ರೋಗ ತೋರಿದರೆ ವೈದ್ಯರು ಇಂದು ‘ಹೀಗೆ ಮಾಡುತ್ತೇವೆ’ ಎಂದಷ್ಟೇ ಹೇಳಿ ಮುಗಿಸುವುದಿಲ್ಲ. ‘ಹೀಗೂ ಮಾಡಬಹುದು, ಹಾಗೂ ಮಾಡಬಹುದು, ನಿಮ್ಮ ಅಭಿಪ್ರಾಯವೇನು?’ ಎಂದು ಕೇಳುವುದುಂಟು. ಕೇಳುವುದು ಹಿಂದಿಯಲ್ಲಿ, ಇಲ್ಲವೆ ಇಂಗ್ಲಿಷಿನಲ್ಲಿ. ಉತ್ತರ ಕೊಡಬೇಕಾದ ಹೆಂಗಸು ಕನ್ನಡದಲ್ಲಿ ಯೋಚಿಸುವವಳು. ಆ ಪ್ರಶ್ನೆಯ ಅರ್ಥವನ್ನು ಕನ್ನಡದಲ್ಲಿ ಬಿಡಿಸಿಡುವುದೇ ಈ ಬರಹದ ಉದ್ದೇಶ.

೧. ಹೆಸರುಗಳ ವಿಚಾರ

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಮೆಲ್ಲಗೆ ಬೆಳೆದು ಆಳವಾಗಿ ಬೇರೂರುವ ಗಡ್ಡೆಯೊಂದಕ್ಕೆ ‘ಅರ್ಬುದ’ವೆಂದು ಹೆಸರಿದೆ. ಅಲ್ಲಿ ಹೇಳಿದ್ದೆಲ್ಲವೂ ಇಂದಿನ ಕ್ಯಾನ್ಸರೇ ಎನ್ನುವಂತಿಲ್ಲ. ಆದರೂ ಹೆಸರು ನಮಗೆ ಒದಗಿಬಂದಿದೆ. ಗ್ರೀಕ್ ವೈದ್ಯರು ಇದೇ ರೋಗವನ್ನು ಏಡಿಗೆ ಹೋಲಿಸಿದರು. ಲ್ಯಾಟಿನ್ನಿನ ‘ಕ್ಯಾನ್ಸರ್’ ಎಂಬ ಮಾತಿಗೂ ನಮ್ಮ ಪಂಚಾಂಗದ ಕರ್ಕಾಟಕಕ್ಕೂ ಅರ್ಥ ಒಂದೇ. ಕನ್ನಡದಲ್ಲಿ ‘ಏಡಿಗಂತಿ’ ಎಂಬ ಒಳ್ಳೆಯ ಮಾತು ಹುಟ್ಟಿದೆಯಾದರೂ ಬಳಕೆಯಲ್ಲಿ ‘ಕ್ಯಾನ್ಸರ್’ ಎಂಬುದೇ ನಿಂತಿದೆ.

ಚಿಕಿತ್ಸೆಯ ಹೆಸರಿನಲ್ಲಿ ತೊಡಕು ಇನ್ನೂ ಹೆಚ್ಚು. ವಿಕಿರಣ ಚಿಕಿತ್ಸೆಗೆ ನಮ್ಮೂರುಗಳಲ್ಲಿ ಜನ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ದೆಹಲಿಯ ಆಸ್ಪತ್ರೆಗಳಲ್ಲಿ ಹಿಂದಿಯವರು ‘ಸಿಕಾಯಿ’ ಎನ್ನುತ್ತಾರೆ, ಎಂದರೆ ಶಾಖ ಕೊಡುವುದು. ಎರಡೂ ದಾರಿ ತಪ್ಪಿಸುವ ಮಾತುಗಳು. ರೋಗಿಯ ಮೈಯೊಳಗೆ ವಿದ್ಯುತ್ತು ಹರಿಯುವುದಿಲ್ಲ, ಬಿಸಿಯೂ ಆಗುವುದಿಲ್ಲ. ಕಿರಣದ ಪ್ರಮಾಣವನ್ನು ‘ಗ್ರೇ’ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಕಿಲೋಗ್ರಾಂ ಅಂಗಾಂಶವು ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ಐದು ವಾರಗಳಲ್ಲಿ ಕೊಡುವ ೫೦ ಗ್ರೇ ಪ್ರಮಾಣವನ್ನು ಒಂದೇ ಸಲಕ್ಕೆ ಸುರಿದರೂ ಅಂಗಾಂಶದ ಉಷ್ಣತೆ ಒಂದು ಡಿಗ್ರಿಯ ಐವತ್ತರಲ್ಲಿ ಒಂದು ಪಾಲಿನಷ್ಟು ಕೂಡ ಏರಲಾರದು. ಕಿರಣದ ಕೆಲಸ ಸುಡುವುದಲ್ಲ. ಜೀವಕೋಶದ ಒಳಗಿರುವ ಡಿ.ಎನ್.ಎ. ಎಂಬ ವಂಶಸೂತ್ರವನ್ನು ಕಡಿದು, ಆ ಕೋಶವು ಮತ್ತೆ ಎರಡಾಗಿ ಒಡೆಯಲಾರದಂತೆ ಮಾಡುವುದೇ ಅದರ ಕೆಲಸ.

ದೆಹಲಿಯವರಿಗೆ ಇನ್ನೊಂದು ಭಯವುಂಟು. ೨೦೧೦ರ ಏಪ್ರಿಲ್‌ನಲ್ಲಿ ಪಶ್ಚಿಮ ದೆಹಲಿಯ ಮಾಯಾಪುರಿಯ ಗುಜರಿ ಅಂಗಡಿಗಳಿಗೆ, ಬಹುಕಾಲ ಬಳಕೆಯಿಲ್ಲದೆ ಬಿದ್ದಿದ್ದ ಪ್ರಯೋಗಾಲಯದ ಉಪಕರಣವೊಂದರಿಂದ ಕೋಬಾಲ್ಟ್-೬೦ ಸೇರಿಹೋಗಿ, ಹಲವರು ಆಸ್ಪತ್ರೆ ಸೇರಿದರು, ಒಬ್ಬರು ಸತ್ತರು. ಅದನ್ನು ನೆನೆದು ‘ಕಿರಣ ತೆಗೆದುಕೊಂಡವರ ಹತ್ತಿರ ಮಕ್ಕಳನ್ನು ಬಿಡಬಹುದೆ?’ ಎಂದು ಕೇಳುವವರಿದ್ದಾರೆ. ಮಾಯಾಪುರಿಯಲ್ಲಿ ಆದದ್ದು ವಿಕಿರಣ ವಸ್ತುವೇ ಕಾವಲಿಲ್ಲದೆ ಬೀದಿಗೆ ಬಿದ್ದ ಅನಾಹುತ. ಆಸ್ಪತ್ರೆಯಲ್ಲಿ ಹೊರಗಿನ ಯಂತ್ರದಿಂದ ಬರುವ ಕಿರಣ, ದೀಪ ಆರಿಸಿದೊಡನೆ ಬೆಳಕು ನಿಲ್ಲುವಂತೆ, ಯಂತ್ರ ನಿಂತೊಡನೆ ಮುಗಿಯುತ್ತದೆ. ರೋಗಿಯ ಮೈಯಲ್ಲಿ ಏನೂ ಉಳಿಯುವುದಿಲ್ಲ. ಆಕೆ ಮೊಮ್ಮಗುವನ್ನು ಎತ್ತಿಕೊಳ್ಳಬಹುದು.

೨. ಹೆಚ್ಚಿನಿಂದ ಕಡಿಮೆಗೆ

೧೮೯೪ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ತಾನು ಕೆಲವು ವರ್ಷಗಳಿಂದ ನಡೆಸುತ್ತಿದ್ದ ಶಸ್ತ್ರಕ್ರಿಯೆಯ ಫಲಗಳನ್ನು ಪ್ರಕಟಿಸಿದನು. ಇಡೀ ಸ್ತನ, ಅದರ ಕೆಳಗಿನ ಎದೆಯ ಸ್ನಾಯುಗಳು, ಕಂಕುಳಿನ ಗ್ರಂಥಿಗಳು ಇಷ್ಟನ್ನೂ ಒಟ್ಟಿಗೆ ತೆಗೆದುಹಾಕುವ ಕ್ರಿಯೆ ಅದು. ರೋಗವು ಹುಟ್ಟಿದ ಜಾಗದಿಂದ ಸುತ್ತಲೂ ಕ್ರಮವಾಗಿ ಹಬ್ಬುತ್ತದೆ. ಆದ್ದರಿಂದ ಎಷ್ಟು ಅಗಲವಾಗಿ ಕೊಯ್ದರೆ ಅಷ್ಟು ಕ್ಷೇಮ ಎಂಬುದು ಅದರ ಹಿಂದಿದ್ದ ತರ್ಕ. ಬದುಕಿದವರು ತೋಳಿನ ಊತವನ್ನೂ ಎದೆಯ ವಿರೂಪವನ್ನೂ ಜೀವಮಾನವೆಲ್ಲ ಹೊರಬೇಕಾಗುತ್ತಿತ್ತು. ಆದರೂ ಎಪ್ಪತ್ತು ಎಂಬತ್ತು ವರ್ಷ ಲೋಕದ ಬಹುಪಾಲು ಆಸ್ಪತ್ರೆಗಳಲ್ಲಿ ಇದೇ ಪ್ರಮಾಣವಾಗಿತ್ತು.

ಇದನ್ನು ಮೊದಲು ಸಂಶಯಿಸಿದವರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಜೆಫ್ರಿ ಕೇನ್ಸ್ ಒಬ್ಬನು. ಭಾರತದ ನಾಣ್ಯವ್ಯವಸ್ಥೆಯ ಮೇಲೆ ೧೯೧೩ರಲ್ಲಿ ಗ್ರಂಥ ಬರೆದ, ಬ್ಯಾಂಕಿನವರೆಲ್ಲ ಹೆಸರು ಬಲ್ಲ ಜಾನ್ ಮೇನಾರ್ಡ್ ಕೇನ್ಸನ ತಮ್ಮ ಈತ. ಅಣ್ಣನು ಅರ್ಥಶಾಸ್ತ್ರದ ರೂಢಮತವನ್ನು ಪ್ರಶ್ನಿಸಿದಂತೆ ತಮ್ಮನು ಶಸ್ತ್ರವೈದ್ಯದ ರೂಢಮತವನ್ನು ಪ್ರಶ್ನಿಸಿದನು. ೧೯೨೦ರ ದಶಕದಲ್ಲಿ ಆತ ಸ್ತನವನ್ನು ಉಳಿಸಿಕೊಂಡು, ಗಡ್ಡೆಯ ಸುತ್ತ ರೇಡಿಯಂ ತುಂಬಿದ ಸೂಜಿಗಳನ್ನು ಚುಚ್ಚಿಟ್ಟು ಚಿಕಿತ್ಸೆ ಮಾಡಿದನು. ೧೯೩೭ರಲ್ಲಿ ತನ್ನ ಅನುಭವವನ್ನು ಪ್ರಕಟಿಸಿ, ದೊಡ್ಡ ಶಸ್ತ್ರಕ್ರಿಯೆಗೆ ಹೋಲಿಸಿದರೆ ಬದುಕುಳಿಯುವವರ ಪ್ರಮಾಣ ಕಡಿಮೆಯಾಗಿಲ್ಲವೆಂದು ವಾದಿಸಿದನು. ಕೇಳಿದವರು ವಿರಳ. ಎರಡನೆಯ ಮಹಾಯುದ್ಧ ಬಂದು ಆ ಕೆಲಸವೂ ನಿಂತಿತು. ಆಂಶಿಕ ಚಿಕಿತ್ಸೆಯ ಬೀಜ ಆ ಸೂಜಿಗಳಲ್ಲಿಯೇ ಇತ್ತೆಂಬುದು ಗಮನಿಸತಕ್ಕ ಸಂಗತಿ.

ಕೇನ್ಸನ ಬಳಿ ಅನುಭವವಿತ್ತು, ತುಲನೆಯ ಪ್ರಮಾಣವಿರಲಿಲ್ಲ. ಅದು ದೊರೆತದ್ದು ೧೯೭೦ರ ದಶಕದಲ್ಲಿ. ಮಿಲಾನಿನಲ್ಲಿ ಉಂಬರ್ಟೋ ವೆರೊನೇಸಿ ೧೯೭೩ರಲ್ಲಿಯೂ, ಅಮೆರಿಕದಲ್ಲಿ ಬರ್ನಾರ್ಡ್ ಫಿಷರ್ ೧೯೭೬ರಲ್ಲಿಯೂ, ಚೀಟಿ ಎತ್ತಿದಂತೆ ರೋಗಿಗಳನ್ನು ಗುಂಪುಗಳಾಗಿ ವಿಂಗಡಿಸಿ ಪರೀಕ್ಷೆಗಳನ್ನು ಆರಂಭಿಸಿದರು. ಇಪ್ಪತ್ತು ವರ್ಷಗಳ ಫಲಗಳು ೨೦೦೨ರಲ್ಲಿ ಹೊರಬಂದಾಗ, ಸ್ತನವನ್ನು ತೆಗೆದವರೂ ಉಳಿಸಿಕೊಂಡವರೂ ಸಮಾನವಾಗಿಯೇ ಬದುಕಿದ್ದರು. ಆದರೆ ಫಿಷರನ ಪರೀಕ್ಷೆ ಇನ್ನೊಂದು ಸತ್ಯವನ್ನೂ ತೋರಿಸಿತು. ಗಡ್ಡೆಯನ್ನು ಮಾತ್ರ ತೆಗೆದು ಕಿರಣ ಕೊಡದೆ ಬಿಟ್ಟವರಲ್ಲಿ ನೂರಕ್ಕೆ ೩೯.೨ ಮಂದಿಗೆ ಅದೇ ಸ್ತನದಲ್ಲಿ ರೋಗ ಮರುಕಳಿಸಿತು. ಕಿರಣ ಕೊಟ್ಟವರಲ್ಲಿ ೧೪.೩ ಮಂದಿಗೆ. ೧೭ ಪರೀಕ್ಷೆಗಳ ೧೦,೮೦೧ ಸ್ತ್ರೀಯರ ವಿವರಗಳನ್ನು ಕೂಡಿಸಿ ೨೦೧೧ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಕಿರಣವು ಹದಿನೈದು ವರ್ಷಗಳೊಳಗೆ ಈ ರೋಗದಿಂದ ಸಾಯುವವರ ಪ್ರಮಾಣವನ್ನು ಶೇಕಡ ೨೫.೨ರಿಂದ ೨೧.೪ಕ್ಕೆ ಇಳಿಸಿತು. ತಾತ್ಪರ್ಯವಿಷ್ಟೆ: ಸ್ತನವನ್ನು ಉಳಿಸಿಕೊಳ್ಳಬಹುದು, ಆದರೆ ಉಳಿಸಿಕೊಂಡುದಕ್ಕೆ ಕಿರಣವು ಜಾಮೀನು.

೩. ಎರಡು ಬಗೆಯ ಕಡಿತ

ಇಲ್ಲಿಂದ ಮುಂದೆ ಪ್ರಶ್ನೆ ಎರಡಾಗಿ ಒಡೆಯುತ್ತದೆ. ಕಿರಣವನ್ನು ಎಷ್ಟು ದಿನ ಕೊಡಬೇಕು ಎಂಬುದು ಒಂದು. ಎಷ್ಟು ಜಾಗಕ್ಕೆ ಕೊಡಬೇಕು ಎಂಬುದು ಇನ್ನೊಂದು. ಇವು ಬೇರೆ ಬೇರೆ ಪ್ರಶ್ನೆಗಳೆಂಬುದನ್ನು ಮರೆತರೆ ಈ ವಿಷಯವೆಲ್ಲ ಗೋಜಲಾಗುತ್ತದೆ. ಮೊದಲನೆಯದನ್ನು ಕಾಲದ ಕಡಿತವೆಂದೂ ಎರಡನೆಯದನ್ನು ಜಾಗದ ಕಡಿತವೆಂದೂ ಕರೆಯೋಣ.

ಕಿರಣವನ್ನು ಒಂದೇ ಸಲಕ್ಕೆ ಕೊಡದೆ ಕಂತುಗಳಲ್ಲಿ ಕೊಡುವುದಕ್ಕೆ ಕಾರಣವಿದೆ. ಕಿರಣವು ರೋಗದ ಕೋಶಗಳನ್ನೂ ಆರೋಗ್ಯದ ಕೋಶಗಳನ್ನೂ ಕೂಡಿಯೇ ಗಾಯಗೊಳಿಸುತ್ತದೆ. ಆರೋಗ್ಯದ ಕೋಶಗಳು ಒಂದು ಕಂತಿಗೂ ಇನ್ನೊಂದಕ್ಕೂ ನಡುವಣ ಅವಧಿಯಲ್ಲಿ ತಮ್ಮ ಗಾಯವನ್ನು ಹೆಚ್ಚು ಚೆನ್ನಾಗಿ ಸರಿಪಡಿಸಿಕೊಳ್ಳುತ್ತವೆ. ಆದ್ದರಿಂದ ಹಿಂದಿನ ಪದ್ಧತಿಯಲ್ಲಿ ದಿನಕ್ಕೆ ೨ ಗ್ರೇಯಂತೆ ೨೫ ಕಂತುಗಳಲ್ಲಿ, ಐದು ವಾರಗಳಲ್ಲಿ, ೫೦ ಗ್ರೇ ಕೊಡುತ್ತಿದ್ದರು. ಕಂತು ದೊಡ್ಡದಾದಷ್ಟೂ ಹಾನಿಯು ಅದೇ ಪ್ರಮಾಣದಲ್ಲಿ ಏರದೆ, ಚಕ್ರಬಡ್ಡಿಯಂತೆ ಅದಕ್ಕಿಂತ ಹೆಚ್ಚಾಗಿ ಏರುತ್ತದೆ. ದೊಡ್ಡ ಕಂತುಗಳಲ್ಲಿ ಕೊಟ್ಟರೆ ಒಟ್ಟು ಮೊತ್ತವನ್ನು ಕಡಿಮೆ ಮಾಡಬೇಕಾಗುವುದೂ, ಕಡಿಮೆ ಮಾಡಿದರೂ ಕೆಲಸ ಆಗುವುದೂ ಇದರಿಂದಲೇ. ಸ್ತನಾರ್ಬುದದ ಕೋಶಗಳೂ ಕಂತಿನ ಗಾತ್ರಕ್ಕೆ ಚೆನ್ನಾಗಿ ಸ್ಪಂದಿಸುತ್ತವೆಂದು ಕಂಡುಬಂದ ಮೇಲೆ ಬ್ರಿಟನ್ನಿನಲ್ಲಿ ೧೫ ಕಂತುಗಳ ೪೦ ಗ್ರೇ, ಕೆನಡಾದಲ್ಲಿ ೧೬ ಕಂತುಗಳ ೪೨.೫ ಗ್ರೇ ರೂಢಿಗೆ ಬಂದುವು. ೨೦೨೦ರಲ್ಲಿ ಪ್ರಕಟವಾದ ‘ಫಾಸ್ಟ್ ಫಾರ್ವರ್ಡ್’ ಎಂಬ ಬ್ರಿಟಿಷ್ ಪರೀಕ್ಷೆಯಲ್ಲಿ ೪,೦೯೬ ರೋಗಿಗಳಿದ್ದರು. ಒಂದೇ ವಾರದ ಐದು ಕಂತುಗಳಲ್ಲಿ ಕೊಟ್ಟ ೨೬ ಗ್ರೇ, ಮೂರು ವಾರದ ಚಿಕಿತ್ಸೆಗಿಂತ ಕೀಳಲ್ಲವೆಂದು ಐದು ವರ್ಷಗಳ ಕೊನೆಯಲ್ಲಿ ಕಂಡುಬಂದಿತು. ಇದೆಲ್ಲವೂ ಕಾಲದ ಕಡಿತ. ಕಿರಣ ಬಿದ್ದ ಜಾಗ ಕುಗ್ಗಲಿಲ್ಲ.

ಜಾಗದ ಕಡಿತಕ್ಕೆ ಆಧಾರ ಬೇರೆ. ಸ್ತನವನ್ನು ಉಳಿಸಿಕೊಂಡವರಲ್ಲಿ ರೋಗ ಮರುಕಳಿಸಿದಾಗ ಅದು ಬಹುಪಾಲು ಮೊದಲು ಗಡ್ಡೆಯಿದ್ದ ಜಾಗದಲ್ಲಿಯೇ ಇಲ್ಲವೆ ಅದರ ಪಕ್ಕದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಹಾಗಿದ್ದರೆ ದೂರದ ಮೂಲೆಗೆಲ್ಲ ಕಿರಣವೇಕೆ? ಎಡಸ್ತನದ ಹಿಂದೆ ಹೃದಯವಿದೆ, ಎರಡರ ಹಿಂದೆಯೂ ಶ್ವಾಸಕೋಶವಿದೆ. ಸ್ವೀಡನ್ ಮತ್ತು ಡೆನ್ಮಾರ್ಕುಗಳ ೨,೧೬೮ ಸ್ತ್ರೀಯರನ್ನು ಕುರಿತು ೨೦೧೩ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೃದಯಕ್ಕೆ ಬೀಳುವ ಸರಾಸರಿ ಕಿರಣ ಒಂದೊಂದು ಗ್ರೇ ಹೆಚ್ಚಿದಂತೆಯೂ ಹೃದ್ರೋಗದ ಅಪಾಯ ಶೇಕಡ ೭.೪ರಷ್ಟು ಏರುತ್ತದೆ. ಈ ಲೆಕ್ಕವನ್ನು ನೋಡಿದರೆ ಬೇಡವಾದ ಜಾಗಕ್ಕೆ ಬೀಳುವ ಕಿರಣವು ಕೇವಲ ವ್ಯರ್ಥವಲ್ಲ, ಮುಂದೆ ತೀರಿಸಬೇಕಾದ ಸಾಲ.

೪. ವಿಧಾನಗಳು

ಆಂಶಿಕ ಚಿಕಿತ್ಸೆಯಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಕೇನ್ಸನ ಸೂಜಿಗಳ ವಂಶದ್ದು. ಗಡ್ಡೆ ತೆಗೆದ ಜಾಗದ ಸುತ್ತ ಸಣ್ಣ ಕೊಳವೆಗಳನ್ನು ಸಾಲಾಗಿ ಹಾಯಿಸಿ, ಇರಿಡಿಯಂ-೧೯೨ ಎಂಬ ವಿಕಿರಣ ವಸ್ತುವಿನ ಪುಟ್ಟ ತುಣುಕನ್ನು ಯಂತ್ರದ ಮೂಲಕ ಅವುಗಳೊಳಗೆ ಓಡಿಸಿ, ಲೆಕ್ಕ ಹಾಕಿದಷ್ಟು ಹೊತ್ತು ಅಲ್ಲಲ್ಲಿ ನಿಲ್ಲಿಸಿ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಇದಕ್ಕೆ ಬ್ರಾಕಿಥೆರಪಿಯೆಂದು ಹೆಸರು. ನಾಲ್ಕೈದು ದಿನಗಳಿಂದ ಒಂದು ವಾರದೊಳಗೆ ಮುಗಿಯುತ್ತದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ೨೦೦೦ದ ಇಸವಿಯಿಂದಲೂ ಇದನ್ನು ಆಯ್ದ ರೋಗಿಗಳಿಗೆ ಮಾಡುತ್ತ ಬಂದಿದ್ದಾರೆ. ಕೈಚಳಕ ಬೇಕಾದ ಕೆಲಸವಾದ್ದರಿಂದ ಎಲ್ಲೆಡೆಯೂ ದೊರೆಯುವುದಿಲ್ಲ.

ಎರಡನೆಯದು ಲೀನಿಯರ್ ಆಕ್ಸಿಲರೇಟರ್ ಯಂತ್ರದಿಂದ ಹೊರಗಿನಿಂದಲೇ ಕಿರಣವನ್ನು ಆ ಜಾಗಕ್ಕೆ ಗುರಿಯಿಡುವುದು. ಶಸ್ತ್ರವೈದ್ಯರು ಗಡ್ಡೆ ತೆಗೆದ ಕುಳಿಯ ಗೋಡೆಗೆ ಸಣ್ಣ ಲೋಹದ ಕ್ಲಿಪ್ಪುಗಳನ್ನು ಗುರುತಾಗಿ ಇಟ್ಟಿರುತ್ತಾರೆ, ಸಿ.ಟಿ. ಚಿತ್ರದಲ್ಲಿ ಅವನ್ನು ನೋಡಿ ಕಿರಣದ ನಕ್ಷೆಯನ್ನು ಸಿದ್ಧಪಡಿಸುತ್ತಾರೆ. ಯಂತ್ರವಿರುವ ಆಸ್ಪತ್ರೆಗಳಿಗೆ ಇದೇ ಸುಲಭ.

ಮೂರನೆಯದು ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ, ಗಾಯವನ್ನು ಹೊಲಿಯುವ ಮೊದಲು, ಒಂದೇ ಸಲಕ್ಕೆ ಕಿರಣ ಕೊಟ್ಟು ಮುಗಿಸುವುದು. ಮಿಲಾನಿನಲ್ಲಿ ವೆರೊನೇಸಿಯ ತಂಡವು ಎಲೆಕ್ಟ್ರಾನುಗಳಿಂದಲೂ, ಲಂಡನ್ನಿನಲ್ಲಿ ಭಾರತೀಯ ಮೂಲದ ಜಯಂತ್ ವೈದ್ಯ ಮತ್ತು ಅವರ ಸಹೋದ್ಯೋಗಿಗಳು ಮೃದುವಾದ ಎಕ್ಸ್-ಕಿರಣಗಳಿಂದಲೂ ಇದನ್ನು ಬೆಳೆಸಿದರು.

೫. ಪ್ರಮಾಣಗಳು

ಈ ವಿಧಾನಗಳು ಹೇಗೆ ನಡೆದುವೆಂಬುದಕ್ಕೆ ಅಂಕಿಗಳೇ ಸಾಕ್ಷಿ. ಜಾಗದ ಕಡಿತವೊಂದನ್ನೇ ಪರೀಕ್ಷಿಸಿದ್ದು ಬ್ರಿಟನ್ನಿನ ‘ಇಂಪೋರ್ಟ್ ಲೋ’. ಐವತ್ತು ವರ್ಷ ದಾಟಿದ, ೩ ಸೆಂಟಿಮೀಟರಿಗೆ ಮೀರದ ಗಡ್ಡೆಯಿದ್ದ ೨,೦೧೮ ಸ್ತ್ರೀಯರು ಅದರಲ್ಲಿದ್ದರು. ಎಲ್ಲರಿಗೂ ಹದಿನೈದೇ ಕಂತು. ವ್ಯತ್ಯಾಸ ಜಾಗದಲ್ಲಿ, ಮತ್ತು ದೂರದ ಭಾಗಕ್ಕೆ ಕೊಟ್ಟ ಪ್ರಮಾಣದಲ್ಲಿ ಮಾತ್ರ. ೨೦೧೭ರಲ್ಲಿ ಪ್ರಕಟವಾದ ಐದು ವರ್ಷಗಳ ಫಲ ಹೀಗಿದೆ: ಇಡೀ ಸ್ತನಕ್ಕೆ ಪೂರ್ತಿ ಕಿರಣ ಪಡೆದವರಲ್ಲಿ ಶೇಕಡ ೧.೧, ಆಂಶಿಕವಾಗಿ ಪಡೆದವರಲ್ಲಿ ಶೇಕಡ ೦.೫ ಮಂದಿಗೆ ರೋಗ ಮರುಕಳಿಸಿತು. ಯೂರೋಪಿನಲ್ಲಿ ೧,೧೮೪ ಸ್ತ್ರೀಯರ ಮೇಲೆ ನಡೆದ ಬ್ರಾಕಿಥೆರಪಿಯ ಪರೀಕ್ಷೆಯಲ್ಲಿಯೂ ಐದು ವರ್ಷಗಳಲ್ಲಿ ಆಂಶಿಕ ಗುಂಪಿನಲ್ಲಿ ೧.೪೪, ಪೂರ್ಣ ಗುಂಪಿನಲ್ಲಿ ೦.೯೨ ಎಂದು ಬಂದಿತು. ಈ ಅಂತರವನ್ನು ಗಣನೀಯವೆಂದು ಎಣಿಸಲಿಲ್ಲ.

ಅಮೆರಿಕದ ದೊಡ್ಡ ಪರೀಕ್ಷೆಯಲ್ಲಿ ೪,೨೧೬ ಸ್ತ್ರೀಯರಿದ್ದರು. ೨೦೧೯ರಲ್ಲಿ ಪ್ರಕಟವಾದ ಹತ್ತು ವರ್ಷಗಳ ಲೆಕ್ಕದಲ್ಲಿ ಆಂಶಿಕ ಚಿಕಿತ್ಸೆಯವರಲ್ಲಿ ೪.೬, ಪೂರ್ಣ ಚಿಕಿತ್ಸೆಯವರಲ್ಲಿ ೩.೯ ಮಂದಿಗೆ ಮರುಕಳಿಸಿತು. ಮೊದಲೇ ಗೊತ್ತುಪಡಿಸಿಕೊಂಡಿದ್ದ ಸಮಾನತೆಯ ಗಣಿತಕ್ಕೆ ಇದು ಹೊಂದಲಿಲ್ಲ. ಆದ್ದರಿಂದ ಶಾಸ್ತ್ರದ ಮಾತಿನಲ್ಲಿ ಎರಡೂ ಸಮವೆನ್ನುವಂತಿಲ್ಲ. ಆದರೆ ಶೇಕಡಾವಾರನ್ನು ಹೆಂಗಸರ ಸಂಖ್ಯೆಯಾಗಿ ಬಿಡಿಸಿ ನೋಡಬೇಕು. ಹತ್ತು ವರ್ಷಗಳಲ್ಲಿ ಸಾವಿರ ಮಂದಿಯಲ್ಲಿ ಒಂದು ಕಡೆ ೪೬, ಇನ್ನೊಂದು ಕಡೆ ೩೯, ಅಂತರ ಏಳು. ಹೀಗೆ ಮರುಕಳಿಸಿದ್ದನ್ನು ಮತ್ತೆ ಶಸ್ತ್ರಕ್ರಿಯೆಯಿಂದ ತೆಗೆಯಬಹುದು. ಸಾಯುವವರ ಪ್ರಮಾಣದಲ್ಲಿ ಎರಡು ಗುಂಪುಗಳಿಗೂ ಅಂತರ ಕಾಣಲಿಲ್ಲ. ಏಳನ್ನು ದೊಡ್ಡದೆಂದು ಎಣಿಸುವುದೋ ಚಿಕ್ಕದೆಂದು ಎಣಿಸುವುದೋ ಎಂಬುದನ್ನು ಗಣಿತವು ಹೇಳಲಾರದು, ರೋಗಿಯೇ ಹೇಳಬೇಕು.

ಕಾಲ ಮತ್ತು ಜಾಗ ಎರಡ ಕಡಿತವನ್ನೂ ಆತುರದಿಂದ ಮಾಡಿದಾಗ ಆಗುವುದೇನೆಂಬುದಕ್ಕೂ ನಿದರ್ಶನಗಳಿವೆ. ಕೆನಡಾ ನೇತೃತ್ವದ ‘ರ್‍ಯಾಪಿಡ್’ ಪರೀಕ್ಷೆಯಲ್ಲಿ ೨,೧೩೫ ಸ್ತ್ರೀಯರಿದ್ದರು. ದಿನಕ್ಕೆ ಎರಡು ಕಂತಿನಂತೆ ೩೮.೫ ಗ್ರೇ ಕೊಟ್ಟರು. ಎಂಟು ವರ್ಷಗಳಲ್ಲಿ ಮರುಕಳಿಸಿದವರು ೩.೦ ಮತ್ತು ೨.೮, ಹೆಚ್ಚುಕಡಿಮೆ ಸಮವೇ. ಆದರೆ ಆಂಶಿಕ ಗುಂಪಿನಲ್ಲಿ ಸ್ತನ ಗಟ್ಟಿಯಾಗುವುದು, ಆಕಾರ ಕೆಡುವುದು ಹೆಚ್ಚಾಯಿತು. ಬೆಳಗಿನ ಕಂತಿಗೂ ಸಂಜೆಯ ಕಂತಿಗೂ ನಡುವೆ ಕೋಶಗಳಿಗೆ ಸಾಕಷ್ಟು ಬಿಡುವು ಸಿಕ್ಕಿರಲಿಲ್ಲವೆಂದು ಇದಕ್ಕೆ ಕಾರಣ ಹೇಳುತ್ತಾರೆ. ಇದಕ್ಕೆ ಪ್ರತಿಯಾಗಿ ಇಟಲಿಯ ಫ್ಲಾರೆನ್ಸಿನಲ್ಲಿ ೫೨೦ ಸ್ತ್ರೀಯರ ಪರೀಕ್ಷೆಯಲ್ಲಿ, ದಿನ ಬಿಟ್ಟು ದಿನದಂತೆ ಐದು ಕಂತುಗಳಲ್ಲಿ ೩೦ ಗ್ರೇ ಕೊಟ್ಟಾಗ ಅಡ್ಡಪರಿಣಾಮಗಳು ಪೂರ್ಣ ಚಿಕಿತ್ಸೆಗಿಂತ ಕಡಿಮೆಯಾದುವು. ಹತ್ತು ವರ್ಷಗಳಲ್ಲಿ ಮರುಕಳಿಸಿದವರು ೩.೭ ಮತ್ತು ೨.೫. ಮಿಲಾನಿನ ಏಕಕಾಲದ ಎಲೆಕ್ಟ್ರಾನ್ ಚಿಕಿತ್ಸೆ ಎಚ್ಚರಿಕೆಯ ಪಾಠ: ೧,೩೦೫ ಸ್ತ್ರೀಯರಲ್ಲಿ ಹದಿನೈದು ವರ್ಷಗಳ ಕೊನೆಗೆ ೧೨.೬ ಮಂದಿಗೆ ಮರುಕಳಿಸಿತು, ಪೂರ್ಣ ಚಿಕಿತ್ಸೆಯವರಲ್ಲಿ ೨.೪. ಅಲ್ಲಿಯೂ ಬದುಕುಳಿದವರ ಪ್ರಮಾಣ ಭಿನ್ನವಾಗಲಿಲ್ಲವೆಂಬುದು ನಿಜ. ಆದರೂ ‘ಕಡಿಮೆ’ ಎಂಬುದಕ್ಕೂ ‘ಸಾಲದು’ ಎಂಬುದಕ್ಕೂ ನಡುವೆ ಗೆರೆಯುಂಟೆಂದು ಇದರಿಂದ ಸ್ಪಷ್ಟವಾಗುತ್ತದೆ.

೬. ಯಾರಿಗೆ ಸಲ್ಲುತ್ತದೆ?

ಮೇಲಿನ ಅಂಕಿಗಳೆಲ್ಲ ಆಯ್ದ ರೋಗಿಗಳವು. ಅಮೆರಿಕದ ವಿಕಿರಣ ವೈದ್ಯರ ಸಂಘವು ೨೦೨೩ರಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ ಗೆರೆಗಳು ಹೀಗಿವೆ. ವಯಸ್ಸು ನಲವತ್ತು ಅಥವಾ ಹೆಚ್ಚು, ಗಡ್ಡೆ ೨ ಸೆಂಟಿಮೀಟರಿನೊಳಗೆ, ಅದರ ಉಗ್ರತೆ ಮೊದಲ ಎರಡು ದರ್ಜೆಗಳಲ್ಲಿ, ಈಸ್ಟ್ರೊಜೆನ್ ಗ್ರಾಹಕ ಇರುವ ಬಗೆ: ಇಂಥವರಿಗೆ ಆಂಶಿಕ ಚಿಕಿತ್ಸೆಯನ್ನು ಪೂರ್ಣ ಚಿಕಿತ್ಸೆಯ ಬದಲಿಗೆ ನಿಸ್ಸಂಕೋಚವಾಗಿ ಸೂಚಿಸಬಹುದು. ಕಂಕುಳಿನ ಗ್ರಂಥಿಗೆ ರೋಗ ತಗುಲಿದ್ದರೆ, ತೆಗೆದ ಗಡ್ಡೆಯ ಅಂಚಿನಲ್ಲಿ ರೋಗದ ಕೋಶ ಉಳಿದಿದ್ದರೆ, ವಂಶದಿಂದ ಬಂದ ಬಿ.ಆರ್.ಸಿ.ಎ. ದೋಷವಿದ್ದರೆ, ವಯಸ್ಸು ನಲವತ್ತಕ್ಕಿಂತ ಕಡಿಮೆಯಿದ್ದರೆ ಸೂಚಿಸಬಾರದು. ನಡುವಣ ಸ್ಥಿತಿಗಳಲ್ಲಿ ವೈದ್ಯನೂ ರೋಗಿಯೂ ಕುಳಿತು ವಿಚಾರ ಮಾಡಬೇಕು.

ಇನ್ನೂ ಮುಂದಕ್ಕೆ ಹೋಗಿ, ಅರುವತ್ತೈದು ದಾಟಿದ, ಹಾರ್ಮೋನಿಗೆ ಪ್ರತಿಯಾದ ಮಾತ್ರೆಗಳನ್ನು ಸೇವಿಸುವ ಸ್ತ್ರೀಯರಿಗೆ ಕಿರಣವೇ ಬೇಡವಲ್ಲವೆ ಎಂದು ಕೇಳಿದವರೂ ಇದ್ದಾರೆ. ೧,೩೨೬ ಸ್ತ್ರೀಯರನ್ನೊಳಗೊಂಡ ‘ಪ್ರೈಮ್-೨’ ಪರೀಕ್ಷೆಯ ಹತ್ತು ವರ್ಷಗಳ ಫಲ ೨೦೨೩ರಲ್ಲಿ ಬಂದಿತು: ಕಿರಣವಿಲ್ಲದವರಲ್ಲಿ ೯.೫, ಇದ್ದವರಲ್ಲಿ ೦.೯ ಮಂದಿಗೆ ಮರುಕಳಿಸಿತು. ಬದುಕುಳಿದವರ ಪ್ರಮಾಣ ಒಂದೇ. ಹೀಗೆ ಪ್ರತಿ ಕಡಿತಕ್ಕೂ ಒಂದು ಬೆಲೆಯಿದೆ. ಆ ಬೆಲೆ ಬರವಣಿಗೆಯಲ್ಲಿ ನಮ್ಮ ಮುಂದಿದೆಯೆಂಬುದೇ ಹಾಲ್‌ಸ್ಟೆಡನ ಕಾಲಕ್ಕೂ ನಮ್ಮ ಕಾಲಕ್ಕೂ ಇರುವ ವ್ಯತ್ಯಾಸ.

೭. ನಮ್ಮ ನೆಲದಲ್ಲಿ

ಇದೆಲ್ಲ ಯೂರೋಪು ಅಮೆರಿಕಗಳ ಮಾತಾಯಿತು. ನಮ್ಮ ಸ್ಥಿತಿಯೇನು? ೨೦೨೨ರ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು ೧,೯೨,೦೦೦ ಮಂದಿಗೆ ಹೊಸದಾಗಿ ಸ್ತನಾರ್ಬುದ ತೋರಿತು. ಸುಮಾರು ೯೮,೦೦೦ ಮಂದಿ ಅದರಿಂದ ಸತ್ತರು. ಅರ್ಬುದಗಳ ರಾಷ್ಟ್ರೀಯ ದಾಖಲಾತಿಯಲ್ಲಿ ದೆಹಲಿ, ಬೆಂಗಳೂರು ಎರಡು ನಗರಗಳಲ್ಲಿಯೂ ಸ್ತ್ರೀಯರ ಅರ್ಬುದಗಳಲ್ಲಿ ಇದೇ ಮೊದಲನೆಯದು. ಪಶ್ಚಿಮದವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ನಮ್ಮ ಸ್ತ್ರೀಯರಿಗೆ ಈ ರೋಗ ಬರುತ್ತದೆ. ಬಹಳ ಮಂದಿ ಗಡ್ಡೆ ದೊಡ್ಡದಾಗಿ ಕಂಕುಳಿಗೆ ಹಬ್ಬಿದ ಮೇಲೆ ಆಸ್ಪತ್ರೆಗೆ ಬರುತ್ತಾರೆ. ವಯಸ್ಸು, ಗಡ್ಡೆಯ ಗಾತ್ರ, ಗ್ರಂಥಿ: ಆಂಶಿಕ ಚಿಕಿತ್ಸೆಯ ಈ ಮೂರು ಬಾಗಿಲುಗಳೂ ಹೀಗೆ ಅನೇಕರಿಗೆ ಮೊದಲೇ ಮುಚ್ಚಿಹೋಗಿರುತ್ತವೆ.

ಆದರೆ ಇಂಥ ಚಿಕಿತ್ಸೆಯ ಅಗತ್ಯ ಹೆಚ್ಚಾಗಿ ಇರುವುದೂ ಇಲ್ಲಿಯೇ. ದೆಹಲಿಯ ಅನ್ಸಾರಿ ನಗರದ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಸುತ್ತ ಬಿಹಾರ, ಉತ್ತರ ಪ್ರದೇಶಗಳಿಂದ ಬಂದವರು ಧರ್ಮಶಾಲೆಗಳಲ್ಲಿಯೂ ಕಾಲುದಾರಿಗಳಲ್ಲಿಯೂ ದಿನಗಟ್ಟಲೆ ಕಾಯುವುದು ನಗರದವರಿಗೆಲ್ಲ ಪರಿಚಿತವಾದ ದೃಶ್ಯ. ಅದೇ ಸಂಸ್ಥೆಯ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಹರಿಯಾಣದ ಝಜ್ಜರ್ ಜಿಲ್ಲೆಯಲ್ಲಿ ೨೦೧೯ರಲ್ಲಿ ಉದ್ಘಾಟನೆಯಾಗಿ ಹೊರೆಯನ್ನು ಸ್ವಲ್ಪ ಹಂಚಿಕೊಂಡಿದೆ. ಬೆಂಗಳೂರಿನಲ್ಲಿ, ಕೇಂದ್ರ ಮಂತ್ರಿಯಾಗಿದ್ದ ರಫಿ ಅಹಮದ್ ಕಿದ್ವಾಯಿಯವರ ಹೆಸರು ಹೊತ್ತ ಸ್ಮಾರಕ ಸಂಸ್ಥೆ ೧೯೭೩ರಿಂದ ಇಂಥದೇ ಹೊರೆಯನ್ನು ಹೊರುತ್ತಿದೆ. ದಿನಗೂಲಿ ಬಿಟ್ಟು, ಮಕ್ಕಳನ್ನು ಊರಿನಲ್ಲಿ ಬಿಟ್ಟು, ಐದು ವಾರ ಪರಸ್ಥಳದಲ್ಲಿ ನಿಲ್ಲಲಾರದ ಹೆಂಗಸು ‘ಪೂರ್ತಿ ತೆಗೆದುಬಿಡಿ’ ಎನ್ನುವುದುಂಟು. ಅಂಥವಳು ಸ್ತನವನ್ನು ಕಳೆದುಕೊಳ್ಳುವುದು ರೋಗದ ದೆಸೆಯಿಂದಲ್ಲ, ದೂರದ ದೆಸೆಯಿಂದ.

ದೇಶದಲ್ಲಿ ದಶಲಕ್ಷ ಜನಕ್ಕೆ ಒಂದು ವಿಕಿರಣ ಯಂತ್ರ ಕೂಡ ಪೂರ್ತಿಯಾಗಿ ಬರುವುದಿಲ್ಲ. ಒಂದು ಯಂತ್ರದಲ್ಲಿ ನೂರು ಸರದಿಗಳಿವೆಯೆಂದು ಇಟ್ಟುಕೊಳ್ಳೋಣ. ಇಪ್ಪತ್ತೈದು ಕಂತಿನ ಕ್ರಮದಲ್ಲಿ ಅದು ನಾಲ್ವರಿಗೆ ಒದಗುತ್ತದೆ. ಹದಿನೈದರ ಕ್ರಮದಲ್ಲಿ ಆರು ಮಂದಿಗೆ ಒದಗಿ ಹತ್ತು ಸರದಿ ಉಳಿಯುತ್ತವೆ. ಐದರ ಕ್ರಮದಲ್ಲಿ ಇಪ್ಪತ್ತು ಮಂದಿಗೆ. ಕಲ್ಕತ್ತೆಯ ಟಾಟಾ ಮೆಡಿಕಲ್ ಸೆಂಟರಿನ ನೇತೃತ್ವದ ‘ಹೈಪೋರ್ಟ್’ ಪರೀಕ್ಷೆಯು ಒಂದು ವಾರದ ಕ್ರಮವನ್ನು ಭಾರತೀಯ ರೋಗಿಗಳಲ್ಲಿಯೇ ಪರೀಕ್ಷಿಸಲು ಹೊರಟದ್ದು ಇದಕ್ಕಾಗಿಯೇ ಅರ್ಥಪೂರ್ಣವಾಗಿದೆ. ಇಲ್ಲಿ ಒಂದು ವಿವೇಚನೆ ಅಗತ್ಯ. ದಿನಗಳನ್ನು ಉಳಿಸುವುದಕ್ಕೆ ಈಗ ಆಂಶಿಕ ಚಿಕಿತ್ಸೆಯೇ ಬೇಕಾಗಿಲ್ಲ. ಇಡೀ ಸ್ತನಕ್ಕೂ ಐದೇ ದಿನಗಳಲ್ಲಿ ಕೊಡಬಹುದು. ಆಂಶಿಕ ಚಿಕಿತ್ಸೆಗೆ ವಿಶೇಷವಾಗಿ ಉಳಿದಿರುವ ಗುಣ ಹೃದಯ, ಶ್ವಾಸಕೋಶ, ಚರ್ಮಗಳಿಗೆ ಬೀಳುವ ಕಿರಣವನ್ನು ತಗ್ಗಿಸುವುದು. ಆದ್ದರಿಂದ ತಡವಾಗಿ ಬಂದವಳಿಗೆ ಜಾಗದ ಕಡಿತ ದೊರೆಯದಿದ್ದರೂ ಕಾಲದ ಕಡಿತ ದೊರೆಯಬಹುದು. ಬೇಗ ಬಂದವಳಿಗೆ ಎರಡೂ ದೊರೆಯುವ ಸಂಭವವುಂಟು.

ಬೇಗ ಬರುವುದು ಹೇಗೆ? ಮುಂಬಯಿಯಲ್ಲಿ ಟಾಟಾ ಆಸ್ಪತ್ರೆಯವರು ೧೯೯೮ರಲ್ಲಿ ಆರಂಭಿಸಿದ ಒಂದು ಪರೀಕ್ಷೆಯಲ್ಲಿ ೩೫ರಿಂದ ೬೪ ವರ್ಷದ ೧,೫೧,೫೩೮ ಸ್ತ್ರೀಯರಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. ಬೆಲೆಬಾಳುವ ಯಂತ್ರ ಯಾವುದೂ ಇರಲಿಲ್ಲ. ೨೦೨೧ರಲ್ಲಿ ಇಪ್ಪತ್ತು ವರ್ಷಗಳ ಫಲ ಪ್ರಕಟವಾಯಿತು. ರೋಗವು ಮೊದಲಿನ ಹಂತದಲ್ಲಿಯೇ ಸಿಕ್ಕುವುದು ಹೆಚ್ಚಿತು. ಐವತ್ತು ದಾಟಿದವರಲ್ಲಿ ಸಾವು ಸುಮಾರು ಶೇಕಡ ೩೦ರಷ್ಟು ತಗ್ಗಿತು. ಐವತ್ತರ ಒಳಗಿನವರಲ್ಲಿ ಸಾವು ತಗ್ಗಿದ್ದು ಕಾಣಲಿಲ್ಲ. ಆಂಶಿಕ ಚಿಕಿತ್ಸೆಗೆ ಯೋಗ್ಯರಾಗುವವರೂ ಹೆಚ್ಚಾಗಿ ಅದೇ ಐವತ್ತು ದಾಟಿದವರೆಂಬುದನ್ನು ಓದುಗರು ಗಮನಿಸಬೇಕು.

ಕೊನೆಯದಾಗಿ ನಮ್ಮ ಸಂಘಗಳ ಕರ್ತವ್ಯವನ್ನು ಕುರಿತು ಒಂದು ಮಾತು. ಸ್ತನವೆಂಬ ಶಬ್ದವನ್ನು ಕಾವ್ಯದಲ್ಲಿ ಎಗ್ಗಿಲ್ಲದೆ ಓದುವ ನಾವು ಮನೆಯಲ್ಲಿ ಅದನ್ನು ಉಚ್ಚರಿಸುವುದಿಲ್ಲ. ತಾಯಿ ಮಗನಿಗೆ ಹೇಳುವುದಿಲ್ಲ, ಸೊಸೆ ಅತ್ತೆಯನ್ನು ಕೇಳುವುದಿಲ್ಲ. ಗಡ್ಡೆ ಬೆಳೆಯುವುದು ಈ ಮೌನದಲ್ಲಿ. ಗಡ್ಡೆ ಎಷ್ಟು ದೊಡ್ಡದು, ಅಂಚು ಶುದ್ಧವಾಗಿದೆಯೆ, ಗ್ರಂಥಿಯಲ್ಲಿ ರೋಗವಿದೆಯೆ, ಹಾರ್ಮೋನಿನ ಗ್ರಾಹಕ ಇದೆಯೆ, ಕಿರಣವನ್ನು ಎಷ್ಟು ದಿನ ಎಷ್ಟು ಜಾಗಕ್ಕೆ ಕೊಡುತ್ತೀರಿ: ಈ ಐದು ಪ್ರಶ್ನೆಗಳನ್ನು ವೈದ್ಯರನ್ನು ಕೇಳಿ, ಉತ್ತರವನ್ನು ಆಕೆಗೆ ಆಕೆಯ ಕನ್ನಡದಲ್ಲಿ ತಿಳಿಸಬಲ್ಲ ನಾಲ್ಕಾರು ಮಹಿಳೆಯರು ಒಂದೊಂದು ಸಂಘದಲ್ಲಿಯೂ ಸಿದ್ಧರಾದರೆ ಅದು ಯಾವ ಸಾಹಿತ್ಯಸೇವೆಗೂ ಕಡಿಮೆಯದಲ್ಲ. ವೈದ್ಯಶಾಸ್ತ್ರವು ನೂರಿಪ್ಪತ್ತು ವರ್ಷಗಳಿಗೂ ಮೀರಿ ದುಡಿದು, ಸಾವಿರಾರು ಸ್ತ್ರೀಯರ ಸಹಕಾರದಿಂದ, ಎಷ್ಟು ಸಾಕು ಎಂಬುದನ್ನು ಕಲಿತಿದೆ. ಆ ಕಲಿಕೆಯ ಫಲ ಬೇಗ ಬಂದವಳಿಗೆ ಮಾತ್ರ ಪೂರ್ತಿಯಾಗಿ ಸಲ್ಲುತ್ತದೆ. ಬೇಗ ಬರುವುದಕ್ಕೆ ಯಂತ್ರಕ್ಕಿಂತ ಮೊದಲು ಬೇಕಾದದ್ದು ಮಾತು.